ಕಿಟಕಿ ಕಡೆಯ ಜಾಗ

ರೂಮು ಸಿಕ್ಕಿತೆಂಬ ಸುದ್ದಿ ಪವಿತ್ರಳಿಗೆ ಮುಟ್ಟಿದ್ದು ಘಾಟಿಯ ತಲೆಯ ದಿಂಬಂನಲ್ಲಿ, ಮತ್ತೆ ರೂಮು ಹುಡುಕಲು ಕೊಯಮತ್ತೂರಿಗೆ ಹೊರಟ ಬಸ್ಸು ಟೀಗೆ ನಿಂತಾಗ. ಫೋನು ಮಾಡಿದವಳು ದೊಡ್ಡಪ್ಪನ ಮಗಳು ಪದ್ಮಶ್ರೀ.

"ಪವಿ, ಯೂನಿವರ್ಸಿಟಿಗೆ ನಡ್ಕೊಂಡೇ ಓಗ್ಬೋದು ಕಣೆ. ಬಾಡ್ಗೆ ಇಬ್ರೂ ಅರ್ಧರ್ಧ ಆಕುದ್ರೆ ಏನೂ ಬಾರ ಇಲ್ಲ. ಸೀದಾ ಇಲ್ಗೇ ಬಾ!"

ಕುಣಿಯಬೇಕಾದ ಸುದ್ದಿ ತಾನೆ? ಪವಿತ್ರಳಿಗೆ ಹೊಟ್ಟೆ ಉರಿಯಿತು.

ದೊಡ್ಡಗಾಜನೂರಿನಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ, ಒಂದೇ ವಯಸ್ಸು, ಈಗ ಕೊಯಮತ್ತೂರಿನಲ್ಲಿ ಒಂದೇ ಎಂ.ಎಸ್ಸಿ. ಆದರೆ ಎಲ್ಲದರಲ್ಲೂ ಪದ್ಮಿಯೇ ಮೊದಲು. ಸ್ಕೂಟಿ ಮೊದಲು ಕಲಿತವಳು ಅವಳು, ಸೀಟು ಮೊದಲು ಸಿಕ್ಕಿದ್ದೂ ಅವಳಿಗೆ. ಹಾಸ್ಟೆಲ್ ತುಂಬಿಹೋಗಿತ್ತು. ಪಿ.ಜಿ. ಮನೆಗಳ ಬಾಡಿಗೆ ಕೇಳಿ ಬೆಚ್ಚಿದ ಅಪ್ಪ, "ಸೋಮವಾರದೊಳ್ಗೆ ನಮ್ಗೆಟ್ಕೋ ರೂಮ್ ಸಿಕ್ಕುದ್ರೆ ಓದು, ಇಲ್ದಿದ್ರೆ ಮನೇಲಿರು" ಎಂದುಬಿಟ್ಟಿದ್ದ. ಹಿಂದಿನ ವಾರವೆಲ್ಲ ಪವಿತ್ರ ಬಿಸಿಲಲ್ಲಿ ಬೀದಿ ಬೀದಿ ಅಲೆದು, ಟು-ಲೆಟ್ ಬೋರ್ಡು ಕಂಡಲ್ಲೆಲ್ಲ ಗೇಟು ತಟ್ಟಿ, ಕೊನೆಗೆ ಬರಿಗೈಯಲ್ಲಿ ಬೆಟ್ಟ ಹತ್ತಿದ್ದಳು. ಈ ಮಹಾರಾಯಿತಿ ನಿನ್ನೆ ಹೋದಳು, ಇವತ್ತು ರೂಮು! ಇನ್ನು ಓದು ಮುಗಿಯುವವರೆಗೂ ಪದ್ಮಿಯ ದಯೆಯಲ್ಲಿ ಬದುಕಬೇಕು.

ಮಹಡಿಯ ಮೇಲಿನ ಸಣ್ಣ ರೂಮು. ಬೇವಿನ ಮರದ ಕಡೆಗೆ ಒಂದೇ ಒಂದು ಕಿಟಕಿ. ಅದರ ಕೆಳಗೆ ಒಂದು ಚಾಪೆ, ಬಾಗಿಲ ಮರೆಯಲ್ಲಿ ಇನ್ನೊಂದು. ಬಕೆಟ್ಟು, ತಟ್ಟೆ, ಲೋಟ ಎಲ್ಲ ಎರಡೆರಡು ತಂದಿಟ್ಟಿದ್ದಳು ಪದ್ಮಿ. ಆಹಾ, ಕಿಟಕಿ ಕಡೆ ಆಗಲೇ ಹಾಸಿಕೊಂಡಾಯಿತೇ, ಎಂದು ಪವಿತ್ರ ಒಳಗೊಳಗೇ ಹಲ್ಲು ಕಡಿದಳು.

ಪದ್ಮಿ ಹಾಲು ತರಲು ಹೋದಳು. ಪವಿತ್ರ ಕೆಳಗಿಳಿದಾಗ ಜಗಲಿಯಲ್ಲಿ ಮನೆಯೊಡತಿ ಅಜ್ಜಿ ಅವರೆಕಾಯಿ ಸುಲಿಯುತ್ತ ತಮಿಳಿನಲ್ಲಿ ಷರತ್ತು ಹೇಳಿದರು. ಗಂಡು ಹುಡುಗರು ಗೇಟಿನೊಳಗೆ ಕಾಲಿಟ್ಟರೆ ಅವತ್ತೇ ಪೆಟ್ಟಿಗೆ ಹೊರಗೆ. "ಸರಿಂಗ ಪಾಟ್ಟಿ" ಎಂದು ತಮಿಳಿನಲ್ಲೇ ಒಪ್ಪಿಕೊಂಡಳು ಪವಿತ್ರ. ಅಷ್ಟರಲ್ಲಿ ಊರಿನಿಂದ ಅವ್ವ ಶಿವಮಲ್ಲಮ್ಮನ ಫೋನು ಬಂತು.

ನಮ್ಮ ಬೆಟ್ಟದವರಿಗೊಂದು ಚಾಳಿ ಇದೆ. ದಿಂಬಂ ಇಳಿದರೆ ಎಲ್ಲ ತಮಿಳು, ಕನ್ನಡ ನಮ್ಮ ಗುಟ್ಟಿನ ಭಾಷೆ. ಸತ್ಯಮಂಗಲದ ಸೀರೆ ಅಂಗಡಿಯಲ್ಲಿ ಅಂಗಡಿಯವನ ಮುಖ ನೋಡಿಕೊಂಡೇ "ಇವ್ನು ಸುಳ್ಳೇಳ್ತಾವ್ನೆ, ಎದ್ದೇಳು" ಅನ್ನುವವರು ನಾವು. ಪವಿತ್ರಳೂ ಅಜ್ಜಿಯ ಎದುರೇ ಶುರುಮಾಡಿದಳು.

"ರೂಮ್ ಚೆನ್ನಾಗದೆ ಕಣವ್ವ. ಆದ್ರೆ ಪದ್ಮಿ ಜೊತೆ ಎಂಗಿರಾದು? ಒತ್ತಾರೆ ಬೈಗೂ ಯಾವನೋ ಉಡ್ಗನ್ ಜೊತೆ ಫೋನು. ನಾಳಿಂದ ಅವ್ನು ಇಲ್ಗೇ ಬತ್ತಾನಂತೆ. ಈ ಅಜ್ಜಿಗೆ ಗೊತ್ತಾದ್ರೆ ಅವ್ಳನ್ನ ಓಡ್ಸುಬುಡ್ತಾರೆ. ಓಡುಸ್ಲಿ! ನಮ್ ಜೊತೆ ಓದೋ ತಾಳವಾಡಿ ಉಡ್ಗಿ ಸುಮನ್ನ ಕರ್ಕೊಂಡು ಕಿಟ್ಕಿ ಕಡೆ ನಾನೇ ಇರ್ತೀನಿ."

ಯಾವ ಹುಡುಗ? ಒಬ್ಬನೂ ಇರಲಿಲ್ಲ. ಅವನನ್ನು ಹೆತ್ತದ್ದು ಪವಿತ್ರಳ ಹೊಟ್ಟೆಕಿಚ್ಚು.

ಫೋನು ಇಡುತ್ತಿದ್ದಂತೆ ಅಜ್ಜಿ ಮೊರ ಪಕ್ಕಕ್ಕೆ ಸರಿಸಿದರು. "ನಮ್ಮ ಮನೆ ಮಾತೂ ಕನ್ನಡವೇ ಮಗಾ," ಎಂದರು, ಅಚ್ಚ ಕನ್ನಡದಲ್ಲಿ. "ನಾವು ನೇಯೋ ಜನ. ತಾತನ ತಾತನ ಕಾಲಕ್ಕೇ ಇಲ್ಲಿಗೆ ಬಂದವರು. ಬಾಗಿಲಾಚೆ ತಮಿಳು, ಒಳಗೆ ಕನ್ನಡ."

ಪವಿತ್ರ ಫೋನನ್ನು ಬೆನ್ನ ಹಿಂದೆ ಮರೆಮಾಡಿದಳು. ಬೈಯುತ್ತಾರೆ ಅಂದುಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಜ್ಜಿ ಅವಳ ತಲೆ ಸವರಿದರು. "ನಿನ್ನಿಂದ ನಿಜ ಗೊತ್ತಾಯ್ತು. ಆ ಸುಮನ್ನೇ ಕರ್ಕೋ."

ಹಾಲು ಹಿಡಿದು ಬಂದ ಪದ್ಮಿಗೆ ಅಜ್ಜಿ ಅಡ್ವಾನ್ಸ್ ವಾಪಸು ಚಾಚಿದರು. "ಹುಡುಗರನ್ನ ಕರೆಸೋರಿಗೆ ಇಲ್ಲಿ ಜಾಗ ಇಲ್ಲ, ಹೊರಡು."

"ಯಾವ್ ಉಡ್ಗ ಅಜ್ಜಿ? ಯಾರೇಳುದ್ರು?" ಪದ್ಮಿ ಕಣ್ಣು ಕಣ್ಣು ಬಿಟ್ಟಳು. ಎಷ್ಟು ಗೋಗರೆದರೂ ಅಜ್ಜಿ ಬಾಯಿ ಬಿಡಲಿಲ್ಲ. ಕೊನೆಗೆ ಪದ್ಮಿ ಅಳುತ್ತ ಬೀಗದಕೈಯನ್ನು ಪವಿತ್ರಳ ಕೈಗಿಟ್ಟಳು. "ನೀನಾದ್ರೂ ಓದು ಪವಿ. ನಮ್ಮಪ್ಪ ಇನ್ನ ನನ್ನ ಕಳ್ಸಲ್ಲ, ಬುಡು."

ಬೇಕಾದದ್ದೆಲ್ಲ ಕೈಗೆ ಬಂದಿತ್ತು. ಸುಮ್ಮನಿದ್ದರೆ ಮುಗಿಯಿತು. ಪವಿತ್ರ ಸುಮ್ಮನೇ ಇದ್ದಳು, ಇಬ್ಬರೂ ಮಹಡಿ ಹತ್ತಿ ಪದ್ಮಿ ತನ್ನ ಚಾಪೆ ಸುತ್ತಿಕೊಳ್ಳುವವರೆಗೂ. ಅವಳು ಸುತ್ತಿದ್ದು ಬಾಗಿಲ ಮರೆಯ ಚಾಪೆಯನ್ನು.

"ನಿಂದು ಕಿಟ್ಕಿ ಕಡೇದಲ್ವಾ?"

"ಅದು ನಿಂಗೆ ಆಸಿದ್ದು ಕಣೆ. ನಿಂಗೆ ಸೆಕೆ ತಡ್ಯಕ್ಕಾಗಲ್ವಲ್ಲ."

ಪವಿತ್ರ ದಡದಡನೆ ಮೆಟ್ಟಿಲಿಳಿದಳು. "ಉಡ್ಗ ಗಿಡ್ಗ ಯಾರೂ ಇಲ್ಲ ಅಜ್ಜಿ! ಒಟ್ಟೆಕಿಚ್ಗೆ ನಾನೇ ಸುಳ್ಳೇಳ್ದೆ." ಚಾಪೆ ಹಿಡಿದು ಹಿಂದೆಯೇ ಇಳಿದ ಪದ್ಮಿಗೂ ಅದು ಕೇಳಿಸಿತು.

ಅಜ್ಜಿ ಬೀಗದಕೈ ಕಿತ್ತುಕೊಂಡು ಪದ್ಮಿಯ ಕೈಗೆ ಕೊಟ್ಟರು. "ರೂಮು ನಿಂದು. ಇವಳು ಇರಬೇಕೋ ಬೇಡವೋ, ನೀನೇ ಹೇಳು."

ಪದ್ಮಿ ಬೀಗದಕೈಯನ್ನು ಅಂಗೈಯಲ್ಲಿ ತಿರುವಿ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, "ಇರ್ಲಿ ಬುಡಿ," ಎಂದಳು. ಪವಿತ್ರಳತ್ತ ತಿರುಗಿ ಚಾಪೆ ಚಾಚಿದಳು. "ಇದ್ನ ಇಡ್ಕೊ. ಕಿಟ್ಕಿ ಕಡೆ ಇನ್ನ ನಾನೇ ಮಲ್ಗಾದು."

ಪವಿತ್ರ ಚಾಪೆ ಹೊತ್ತು ಅವಳ ಹಿಂದೆ ಮೆಟ್ಟಿಲು ಹತ್ತಿದಳು. ಅಳು ಬರುತ್ತಿತ್ತು, ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ. ಥೂ, ಇಷ್ಟಾದರೂ ಹೊಟ್ಟೆಯೊಳಗೆ ಅದೇ ಉರಿ ಮತ್ತೆ ಎದ್ದಿತು: ಒಳ್ಳೆಯವಳಾಗುವುದರಲ್ಲೂ ಇವಳೇ ಮೊದಲು.