ಮೂರನೇ ಶೀಸಿ

ಹೈದರಾಬಾದಿಗೆ ಹೋಗೋ ಬಸ್ಸು ನಾಲ್ಕಕ್ಕ ಬಿಡ್ತಿತ್ತು. ಈಗ ಮೂರೂ ಕಾಲು. ಮೂರು ಶೀಸ್ಯಾಗ ಎರಡು ರಕ್ತ ತುಂಬ್ಕೊಂಡು ಐಸಿನ ಡಬ್ಬಿ ಸೇರಿದ್ವು, ಮೂರನೇದು ಟೇಬಲ್ ಮ್ಯಾಲ ಖಾಲಿ ಬಿದ್ದಿತ್ತು. ಅದು ರಾಜಾಬೀದು. ರಾಜಾಬೀ ನೋಡಿದ್ರ ತೋಳು ಮ್ಯಾಲ ಮಾಡವಲ್ಲಳು.

"ಯಮ್ಮಾ, ಇರಿವಿ ಕಡದಂಗ ಆಗ್ತೈತಿ, ಅಷ್ಟ," ಅಂದ ದ್ಯಾವಪ್ಪ ಡಾಕ್ಟರ್.

ಡಾಕ್ಟರ್ ಮುಕ್ಕುಂದ ಊರಾಂವ. ಆ ವರ್ಷ, ತೊಂಬತ್ನಾಲ್ಕರಾಗ, ಹೈದರಾಬಾದಿನ ಒಂದ್ ಲ್ಯಾಬಿನ್ಯಾಗ ಎರಡ್ ತಿಂಗಳು ಕಲ್ತು ಬಂದಿದ್ದ. ಬಂದಾಗಿಂದ ಸಿಂಧನೂರಿನ ತನ್ನ ದವಾಖಾನ್ಯಾಗ ಕೆಮ್ಮು ಅಂತ ಬಂದೋರಿಗೂ ಡಿಎನ್‌ಎ ಅಂದ್ರೇನು ಅಂತ ಹೇಳಿನ ಕಳಸ್ತಿದ್ದ.

ಬಾಜೂಕ ಬೆಂಚಿನ ಮ್ಯಾಲ ರಾಜಾಬೀ ಮಗ ಅಲ್ಲಾಭಕ್ಷ್ ಕುಂತಿದ್ದ, ಮೊಣಕೈಗೆ ಹತ್ತಿ ಒತ್ತಿ ಹಿಡ್ಕೊಂಡು. ಬ್ಯಾರೆಯವರಿಗೆ ಎರಡ್ ನಿಮಿಷ ಒತ್ತಿದ್ರ ಸಾಕು, ಅವಂಗ ಅರ್ಧ ತಾಸು. ಅವನ ರಕ್ತ ಹೆಪ್ಪಾಗಂಗಿಲ್ಲ. ಸಣ್ಣಾಂವಿದ್ದಾಗ ಒಂದ್ ಹಲ್ಲು ಬಿದ್ದದ್ದಕ್ಕ ಮೂರ್ ದಿನ ಸೋರಿತ್ತು. ಕೀಲಿನ್ಯಾಗ ರಕ್ತ ತುಂಬಿ ತುಂಬಿ ಎರಡೂ ಮೊಣಕಾಲು ಸೊಟ್ಟಾಗ್ಯಾವು. ಅವನಕಿಂತ ಮೊದಲನೇ ಮಗ ಸುನ್ನತಿ ಆದ ಮರುದಿನಾನ ತೀರಿಹೋಗಿದ್ದ.

"ಅಮ್ಮಾ, ನಂದ ತಗೊಂಡಾರ, ನೀ ಯಾಕ ಅಂಜ್ತಿ? ಬಕೀಟಗಟ್ಲೆ ಹೋಗಿದ್ರೂ ನಾ ಕುಂತೀನಿಲ್ಲ ಇಲ್ಲಿ," ಅಂದ ಅಲ್ಲಾಭಕ್ಷ್.

"ನೀ ಬಾಯಿ ಮುಚ್ಕೊಂಡು ಹತ್ತಿ ಒತ್ತು ಭಾಯಿ," ಅಂದ್ಲು ಮೆಹರಬಾನು.

ಮೆಹರಬಾನು ಅವನ ತಂಗಿ. ಮಸ್ಕಿಗೆ ಕೊಟ್ಟಾರ, ಗಂಡ ಗೌಸ್‌ಸಾಬ್ ಅಲ್ಲಿ ಸೈಕಲ್ ಅಂಗಡಿ ಇಟ್ಟಾನ. ಆಕಿ ಈಗ ಬಸುರಿ, ಮೂರ್ ತಿಂಗಳು ತುಂಬಾಕ ಬಂದೈತಿ, ತವರಮನ್ಯಾಗ ಅದಾಳ. ಹೈದರಾಬಾದಿನ ಲ್ಯಾಬಿಗೆ ರಕ್ತ ಒಯ್ದು ಮಾಡ್ಸೋ ಈ ಪರೀಕ್ಷಾ ಎಲ್ಲ ಆಕಿ ಸಲುವಾಗಿನ. ಈ ಬ್ಯಾನಿ ತಾಯಿ ಕಡಿಂದ ಇಳೀತೈತಿ, ಹೆಣ್ಣುಮಕ್ಕಳು ಹೊತ್ಕೊಂಡು ತಿರಗ್ತಾರ, ಬಡಿಯೋದು ಗಂಡುಮಕ್ಕಳಿಗೆ ಅಂತ ಡಾಕ್ಟರ್ ಹೇಳಿದ ದಿನಾನ ಆಕಿ ಒಂದ್ ಮಾತು ಅಂದುಬಿಟ್ಟಿದ್ಲು. ನನ್ನ ರಕ್ತದಾಗ ಐತಿ ಅಂತ ಬಂದ್ರ ನಾ ಈ ಕೂಸು ಇಟ್ಕೊಳ್ಳಂಗಿಲ್ಲ, ತೆಗಸ್ತೀನಿ.

"ಇದ್ರೂ ಗಂಡುಮಕ್ಕಳಾಗ ಅರ್ಧ ಮಂದಿಗಷ್ಟ ಬರ್ತೈತಿ ತಂಗಿ," ಅಂದಿದ್ದ ಡಾಕ್ಟರ್.

"ಭಾಯಿ ನರಳೋದು ಕೇಳ್ಕೋಂತ ಬೆಳದಾಕಿ ನಾ. ಅರ್ಧ ಅಂದ್ರೂ ನನಗ ಪೂರ್ತಿನ ರೀ."

ಹಂಗ ಅಂದಾಗಿಂದ ರಾಜಾಬೀಗೆ ಊಟ ಇಳಿದಿರಲಿಲ್ಲ. ಯಾಕಂದ್ರ ಮೆಹರಬಾನು ಆಕಿ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ಲ.

ಇಪ್ಪತ್ತೊಂದು ವರ್ಷದ ಹಿಂದ, ಅಲ್ಲಾಭಕ್ಷ್ ಒಂದೂಕಾಲು ವರ್ಷದ ಕೂಸಿದ್ದಾಗ, ಗಂಡನ ತಂಗಿ ದಾವಲ್‌ಬೀ ಲಿಂಗಸೂಗೂರಿಂದ ಬಂದು ನಲವತ್ತು ದಿನದ ಹೆಣ್ಣುಕೂಸು ತಂದು ರಾಜಾಬೀ ಉಡಿಯಾಗ ಹಾಕಿದ್ಲು. ನನಗ ಐದದಾವು, ನಿಂಗ ಒಂದು ಹೋಗೇತಿ, ಇನ್ನೊಂದು ಹೆಂಗೋ ಏನೋ, ತಗೋ ಭಾಬಿ, ಅಂದಿದ್ಲು. ರಾಜಾಬೀ ಒಂದ್ ಮಗ್ಗಲಿಗೆ ಅಲ್ಲಾಭಕ್ಷ್, ಇನ್ನೊಂದ್ ಮಗ್ಗಲಿಗೆ ಮೆಹರಬಾನು ಇಟ್ಕೊಂಡು ಎರಡು ವರ್ಷ ಹಾಲು ಕುಡಿಸಿದ್ಲು. ಗಂಡ ಮಕ್ತುಮ್‌ಸಾಬ್ ಸಾಯೋಮುಂದ ಸೈತ ಹೇಳಿ ಹೋಗಿದ್ದ, ಈ ಮಾತು ನಮ್ಮ ಹೊಸ್ತಿಲು ದಾಟಬಾರ್ದು ಅಂತ. ಹಾಲು ಕುಡಿಸಿದ್ರ ತಾಯಿನ ಅಂತ ದೊಡ್ಡೋರು ಹೇಳ್ತಾರ, ಹಾಲು ಕುಡದ ಮಕ್ಕಳು ಅಣ್ಣತಂಗಿನ, ಅವರಿಗೆ ನಿಕಾಹ್ ಸೈತ ಆಗಂಗಿಲ್ಲ. ಅಂದಮ್ಯಾಲ ಎಲ್ಲಾ ನಂದ ಹೋಗೇತಿ ಆಕಿಗೆ, ಬ್ಯಾನಿನೂ ಹೋಗೇತಿ, ಹೇಳಿದ್ರೇನು ಬಿಟ್ರೇನು. ರಾಜಾಬೀ ಇಷ್ಟು ದಿನ ಹಿಂಗ ತಿಳ್ಕೊಂಡು ಸುಮ್ಮನಿದ್ಲು.

ಡಾಕ್ಟರ್ ಗಡಿಯಾರ ನೋಡ್ದ. ಅಂಜಿಕಿ ಬಿಡಸೋಣ ಅಂತ ಮತ್ತ ಶುರು ಮಾಡ್ದ.

"ನೋಡ್ರಿ ಯಮ್ಮಾ, ತಾಯಿ ಹತ್ರ ಎರಡು ಎಳಿ ಇರ್ತಾವು, ನೂಲಿನಂಗ. ನಿಮ್ಮುವು ಎರಡರಾಗ ಒಂದಕ್ಕ ಹರಕು ಐತಿ. ಅಲ್ಲಾಭಕ್ಷಗ ಹರಕಿಂದು ಬಂದೈತಿ. ಮೆಹರಬಾನುಗ ಯಾವದು ಬಂತು? ಹರಕು ನಮಗ ಕಾಣಂಗಿಲ್ಲ, ಬಾಜೂಕಿನ ಗುರುತು ಕಾಣ್ತೈತಿ. ಒಂದ್ ಹನಿ ರಕ್ತದಾಗಿನ ಎಳಿನ ಮಿಶನ್ಯಾಗ ಇಟ್ರ ಲಕ್ಷಗಟ್ಲೆ ನಕಲು ತಗೀತೈತಿ, ಹೊತ್ತು ಮುಳುಗೋದ್ರಾಗ. ಆಮ್ಯಾಲ ನಿಮ್ಮುವು ಎರಡು, ಅಣ್ಣಂದು, ತಂಗಿದು ಬಾಜೂಬಾಜೂ ಇಟ್ಟು ನೋಡೋದು. ಅಣ್ಣನ ಗುರುತು ತಂಗಿಗೆ ಹೊಂದಿತು ಅಂದ್ರ ಬ್ಯಾನಿ ಐತಿ."

"ಡಾಕ್ಟರ್ ಸಾಬ್," ಅಂದ್ಲು ರಾಜಾಬೀ. "ಇದು ಹಾಲಿನ್ಯಾಗ ಹೋಗ್ತೈತೇನ್ರೀ?"

"ಯಾವ ಹಾಲು?"

"ಮೊಲಿಹಾಲು."

ಡಾಕ್ಟರ್ ನಕ್ಕ. "ಇಲ್ಲ ಬಿಡ್ರಿ. ಹತ್ತು ವರ್ಷ ಕುಡಿಸಿದ್ರೂ ಹೋಗಂಗಿಲ್ಲ. ಹೊಟ್ಟ್ಯಾಗ ಹುಟ್ಟಿದ್ರಷ್ಟ."

ರಾಜಾಬೀ ಟೇಬಲ್ ಮ್ಯಾಲಿನ ಖಾಲಿ ಶೀಸಿ ನೋಡಿದ್ಲು.

"ಮತ್ತ... ಬ್ಯಾರೆಯವರ ರಕ್ತ ಕೊಟ್ರ? ತಾಯಿ ಅಲ್ಲದಾಕಿದು?"

"ಲೆಕ್ಕಾನ ತಪ್ತೈತಿ. ಗುರುತು ಭಾಳ ತರದ್ದು ಇರಂಗಿಲ್ಲ ಯಮ್ಮಾ, ಸಂಬಂಧ ಇಲ್ಲದೋರದೂ ಒಮ್ಮೊಮ್ಮೆ ಹೊಂದ್ತಾವು. ಇಲ್ಲದ ಬ್ಯಾನಿ ಐತಿ ಅಂತ ಬರಬಹುದು. ಅದಕ್ಕ ಖಾಸ್ ತಾಯಿದ ಬೇಕು ಅನ್ನೋದು." ಡಾಕ್ಟರ್ ಸೂಜಿ ಎತ್ಕೊಂಡ. "ತೋಳು ಏರಸ್ರಿ. ಕಂಡಕ್ಟರ್ ನನ್ನ ಸಲುವಾಗಿ ಬಸ್ಸು ನಿಲ್ಲಸಂಗಿಲ್ಲ, ಐಸೂ ಕಾಯಂಗಿಲ್ಲ."

ಮೆಹರಬಾನು ಎದ್ದು ಬಂದು ತಾಯಿ ಮುಂದ ನಿಂತ್ಲು. "ಏನಾಗೇತಿ ನಿನಗ? ನನಗ ದಿನ ಉಳಿದಿಲ್ಲ ಅಮ್ಮಾ. ಇವತ್ತು ತಪ್ಪಿದ್ರ ಮತ್ತ ವಾರ. ಆಮ್ಯಾಲ ತೆಗಸಾಕೂ ಬರಂಗಿಲ್ಲ." ತಾನ ತಾಯಿ ತೋಳು ಏರಿಸಿದ್ಲು. ಡಾಕ್ಟರ್ ರಬ್ಬರ್ ನಳಿಗಿ ಬಿಗಿದು ನರ ತಟ್ಟಿ ನೋಡ್ದ. ಸ್ಪಿರಿಟ್ ತಣ್ಣಗ ಹತ್ತಿತು.

ಸುಮ್ಮನ ಕೊಟ್ಟುಬಿಟ್ರ ಏನಾತು, ಹೊಂದಲಿಕ್ಕಿಲ್ಲ ಅಂತ ರಾಜಾಬೀ ಮನಸು ಹೇಳಾಕತ್ತು. ಹೊಂದದಿದ್ರ ಮಗಳೂ ಉಳೀತಾಳ, ಕೂಸೂ ಉಳೀತೈತಿ, ಯಾರಿಗೂ ಏನೂ ಗೊತ್ತಾಗಂಗಿಲ್ಲ. ಹೊಂದಿದ್ರ? ಇಲ್ಲದ ಬ್ಯಾನಿಗೆ ಒಂದು ಜೀವ. ಸೂಜಿ ಚರ್ಮ ಮುಟ್ಟಿತು.

ರಾಜಾಬೀ ಕೈ ಎಳಕೊಂಡ್ಲು. ಸೂಜಿ ಗೀರಿ ಒಂದ್ ಎಳಿ ರಕ್ತ ಬಂತು.

"ನಂದು ಬ್ಯಾಡ್ರಿ. ನಂದು ತಗೊಂಡ್ರ ತಪ್ಪು ಬರ್ತೈತಿ." ಮಗಳ ಮಾರಿ ನೋಡಲಿಲ್ಲ, ಟೇಬಲ್ ನೋಡ್ಕೋಂತ ಹೇಳಿದ್ಲು. "ಈಕಿನ್ನ ಹಡದಾಕಿ ಲಿಂಗಸೂಗೂರಾಗ ಅದಾಳ. ದಾವಲ್‌ಬೀ. ನಾ ಹಾಲು ಕುಡಿಸೀನಿ, ಅಷ್ಟ."

ಡಾಕ್ಟರ್ ಸೂಜಿ ಕೆಳಗಿಟ್ಟು ರಬ್ಬರ್ ನಳಿಗಿ ಬಿಚ್ಚಿದ. ಹೊರಗ ಜವಳಗೇರಾದ ಟ್ರ್ಯಾಕ್ಟರ್ ಒಂದು ಭತ್ತದ ಚೀಲ ಹೇರ್ಕೊಂಡು ಹೋತು, ಕಿಡಕಿ ನಡಗಿದ್ವು.

"ಫುಫು?" ಅಂದ್ಲು ಮೆಹರಬಾನು.

ಅಪ್ಪನ ತಂಗಿನ್ನ ಆಕಿ ಇಷ್ಟು ದಿನ ಹಂಗ ಕರೀತಿದ್ಲು.

"ದಾವಲ್‌ಬೀ ಅವರ ಮನ್ಯಾಗ ಯಾರಿಗರ ಈ ಬ್ಯಾನಿ ಐತೇನ್ರಿ?" ಡಾಕ್ಟರ್ ಮೆಲ್ಲಕ ಕೇಳ್ದ.

"ಇಲ್ಲ. ಮೂರ್ ಗಂಡುಮಕ್ಕಳದಾವು. ಬಡದಾಡಿ ತಲಿ ಒಡ್ಕೊಂತಾವು, ಸಂಜಿಕ ಮತ್ತ ಬಡದಾಡ್ತಾವು."

"ನಿಮ್ಮ ಅಕ್ಕತಂಗೇರನ್ನ ಯಾರನ್ನರ ಆ ಮನಿಗೆ ಕೊಟ್ಟಾರೇನ್ರಿ?"

"ಇಲ್ಲ. ಆಕಿ ನನ್ನ ಗಂಡನ ತಂಗಿ."

ಡಾಕ್ಟರ್ ಐಸಿನ ಡಬ್ಬಿ ತೆಗದು ಎರಡೂ ಶೀಸಿ ಹೊರಗಿಟ್ಟ. "ಹಂಗಾದ್ರ ಪರೀಕ್ಷಾನ ಬ್ಯಾಡ. ಈ ಹರಕು ಆ ಮನಿದಲ್ಲ. ನಿನ್ನ ಕೂಸಿಗೆ ಈ ಬ್ಯಾನಿ ಅಂಜಿಕಿ ಇಲ್ಲ ತಂಗಿ. ಇಟ್ಕೋ."

ಮೆಹರಬಾನು ಹೊಟ್ಟಿ ಮ್ಯಾಲ ಕೈ ಇಟ್ಕೊಂಡ್ಲು. ಆಮ್ಯಾಲ ರಾಜಾಬೀ ಕಡಿ ತಿರುಗಿದ್ಲು. "ನಾ ತೆಗಸ್ತೀನಿ ಅಂದು ಹದಿನೈದು ದಿನ ಆತು. ಹದಿನೈದು ದಿನ ನೀ ಎದುರಿಗೆ ಕುಂತು ರೊಟ್ಟಿ ಬಡದಿ."

"ಹಾಲಿನ್ಯಾಗ ಬಂದಿರ್ತೈತಿ ಅಂದ್ಕೊಂಡಿದ್ದೆ ಬೇಟಿ. ಖರೇ."

"ಹಾಲಿನ್ಯಾಗ," ಅಂದ್ಲು ಮೆಹರಬಾನು. ಬುರ್ಖಾ ಎಳಕೊಂಡು ಹೊರಗ ನಡದುಬಿಟ್ಲು.

ಅಲ್ಲಾಭಕ್ಷ್ ಇನ್ನೂ ಹತ್ತಿ ಒತ್ತಿ ಹಿಡ್ಕೊಂಡಿದ್ದ. "ಹೋಗು ಅಮ್ಮಾ," ಅಂದ. "ನಂದು ಇನ್ನೂ ನಿಂತಿಲ್ಲ, ನಾ ಇಲ್ಲೇ ಕುಂದಿರ್ತೀನಿ."

ಬಸ್‌ಸ್ಟ್ಯಾಂಡಿನ್ಯಾಗ ಮೆಹರಬಾನು ಲಿಂಗಸೂಗೂರು ಬಸ್ಸಿನ ಬಾಗಿಲದಾಗ ಇದ್ಲು. ಮಸ್ಕಿ ಮ್ಯಾಲ ಹೋಗೋ ಬಸ್ಸ ಅದು. ರಾಜಾಬೀ ಓಡಿ ಬಂದು ಮುಟ್ಟಿದಳೋ ಇಲ್ಲೋ, ಡೀಸಲ್ ವಾಸನಿಗೆ ಮೆಹರಬಾನು ಕೆಳಗಿಳಿದು ವಾಂತಿ ಮಾಡಾಕ ಬಗ್ಗಿದ್ಲು. ರಾಜಾಬೀ ಹಣಿ ಒತ್ತಿ ಹಿಡದ್ಲು. ಮೆಹರಬಾನು ಹಿಡಿಯಾಕ ಬಿಟ್ಲು. ವಾಂತಿ ಪೂರ್ತಿ ಆಗೋತನಕ ಬಿಟ್ಲು. ಆಮ್ಯಾಲ ಬುರ್ಖಾದ ಅಂಚಿಲೆ ಬಾಯಿ ಒರಸ್ಕೊಂಡು ಆ ಕೈ ಮೆಲ್ಲಕ ಸರಿಸಿದ್ಲು.

"ಮಸ್ಕ್ಯಾಗ ಇಳೀತಿ?" ಅಂತ ಕೇಳಿದ್ಲು ರಾಜಾಬೀ.

"ಇಲ್ಲ. ಲಿಂಗಸೂಗೂರಿಗೆ ಹೋಗ್ತೀನಿ."

"ನಾ ಬರ್ಲಾ?"

"ಬ್ಯಾಡ. ಗೌಸ್‌ಗ ಫೋನ್ ಮಾಡಿ ಹೇಳು, ಕೂಸು ಇಟ್ಕೊಂತಾಳ ಅಂತ."

ಬಸ್ಸು ಬಿಟ್ಟಿತು. ರಾಜಾಬೀ ಎಸ್‌ಟಿಡಿ ಬೂತಿನ ಕಡಿ ನಡದ್ಲು.