ಸೈಕಲ್ ದಾರಿಯಲ್ಲಿ ಸತ್ತ ಮಂಗ

ಸಿಟ್ಟು ಬಂದರೆ ಚೌಡಮ್ಮ ಯಾರ ಮನೆಯ ಜಗಲಿಯನ್ನೂ ಹತ್ತುವುದಿಲ್ಲ. ಅಂಗಳದಲ್ಲೇ ನಿಂತು ಮಾತಾಡುತ್ತಾಳೆ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಮಾದೇವನ ಅಂಗಳದಲ್ಲಿ ಹಾಗೇ ನಿಂತಿದ್ದಳು.

ಸಿದ್ದಾಪುರ ತಾಲೂಕಿನ ನಿಲ್ಕುಂದದ ಕಡೆ, ಅಘನಾಶಿನಿ ಹೊಳೆಯ ಕಣಿವೆಗೆ ಇಳಿಯುವಲ್ಲಿ ಇರುವ ಸಣ್ಣ ಕೇರಿ ಅದು. ಚೌಡಮ್ಮ ಅಲ್ಲಿಯ ಆಶಾ ಕಾರ್ಯಕರ್ತೆ. ಮಾದೇವ ಗದ್ದೆ ಕೆಲಸದ ಜೊತೆಗೆ ಹೊಸದೊಂದು ಉದ್ಯೋಗ ಹಿಡಿದಿದ್ದ. ಹಳೆಯ ಗಾಡಿದಾರಿಯ ಗಿಡಗಂಟಿ ಸವರಿ, ಗುಡ್ಡದ ನೆತ್ತಿಯಿಂದ ಹೊಳೆಯ ದಂಡೆಯವರೆಗೆ ಸೈಕಲ್ ದಾರಿ ಮಾಡಿದ್ದ. ಶಿರಸಿಯ ಮುಜೀಬ್ ಪ್ರತಿ ಶನಿವಾರ ತನ್ನ ಪಿಕಪ್‌ನಲ್ಲಿ ದಪ್ಪ ಚಕ್ರದ ಸೈಕಲ್‌ಗಳನ್ನು ಹೇರಿಕೊಂಡು ಬರುತ್ತಿದ್ದ. ಸೈಕಲ್ ಹೊಡೆಯುವವರು ಹಿಂದೆ ಬೇರೆ ಗಾಡಿಯಲ್ಲಿ ಬರುತ್ತಿದ್ದರು. ಮಾದೇವ ಅವರಿಗೆ ದಾರಿ ತೋರಿಸುತ್ತಿದ್ದ. ಅವನ ಹೆಂಡತಿ ಮಮತಾ ಊಟ ಹಾಕುತ್ತಿದ್ದಳು. ಒಣ ಎಲೆಯ ಮೇಲೆ ಚಕ್ರ ಜಾರುತ್ತದೆ ಎಂದು ಪಕ್ಕದ ಮನೆಯ ಮಂಜಿ ವಾರಕ್ಕೊಮ್ಮೆ ಆ ದಾರಿಯನ್ನು ಗುಡಿಸುತ್ತಿದ್ದಳು.

"ಮಾದೇವ, ಆಚೆ ಕೇರಿಲಿ ಮಂಗ ಸತ್ತದೆ, ಯಾರೂ ನಂಗೆ ಹೇಳ್ಲಿಲ್ಲ. ನಿನ್ನ ದಾರಿ ಮೇಲೆ ಎಂತಾದ್ರೂ ಕಂಡಿದ್ಯಾ?" ಎಂದಳು ಚೌಡಮ್ಮ.

"ಎಂತದೂ ಇಲ್ಲ ಚೌಡಕ್ಕ."

"ಕಂಡ್ರೆ ಮುಟ್ಟಬೇಡ. ಕೂಡ್ಲೇ ನಂಗೆ ಹೇಳು. ಮಂಗ ಸತ್ತ ಮೇಲೆ ಅದರ ಮೈ ಮೇಲಿದ್ದ ಉಣ್ಣಿ ಕೆಳಗೆ ಉದುರ್ತದೆ. ಎಲೆ ಅಡಿಗೆ ಸೇರ್ಕೊಳ್ತದೆ. ಅದು ಕಚ್ಚಿದ್ರೆ ಮಂಗನ ಕಾಯಿಲೆ ಬರ್ತದೆ."

"ಮರದಿಂದ ಬಿದ್ದು ಎಷ್ಟೋ ಮಂಗ ಸಾಯ್ತದೆ. ಎಲ್ಲದಕ್ಕೂ ಕಾಯಿಲೆ ಅಂದ್ರೆ ಹೇಗೆ?"

"ಕಾಯಿಲೆ ಹೌದೋ ಅಲ್ಲವೋ ಹೇಳೋದು ನೀನೂ ಅಲ್ಲ, ನಾನೂ ಅಲ್ಲ. ಪರೀಕ್ಷೆ ಮಾಡಿದವ್ರು ಹೇಳ್ತಾರೆ." ಚೌಡಮ್ಮ ಚೀಲದಿಂದ ಎಣ್ಣೆಯ ಬಾಟಲಿ ತೆಗೆದು ಕೊಟ್ಟಳು. "ಇದು ಉಣ್ಣಿ ಹತ್ತದ ಹಾಗೆ ಹಚ್ಚೋ ಎಣ್ಣೆ. ಕಾಡಿಗೆ ಹೋಗೋ ಮೊದ್ಲು ಕೈಕಾಲಿಗೆ ಹಚ್ಕೊಳ್ಳಿ. ಮಂಜಿಗೂ ಕೊಡು. ಸೈಕಲ್ ಹೊಡೆಯೋಕೆ ಬರ್ತಾರಲ್ಲ, ಅವ್ರಿಗೂ ಕೊಡು."

"ಅವ್ರಿಗೆ ಇದನ್ನ ಕೊಟ್ರೆ ಎಂತಕ್ಕೆ ಅಂತ ಕೇಳ್ತಾರೆ. ಕಾಯಿಲೆ ಅಂದ್ರೆ ಮತ್ತೆ ಯಾರು ಬರ್ತಾರೆ ಚೌಡಕ್ಕ? ಈಗಷ್ಟೇ ನಾಲ್ಕು ಜನ ಬರೋಕೆ ಶುರುವಾಗಿದ್ದು."

"ಬಂದವ್ರು ಜೀವ ಇಟ್ಕೊಂಡು ವಾಪಸ್ ಹೋಗ್ಬೇಕೋ ಬೇಡ್ವೋ?" ಎಂದು ಹೇಳಿ ಚೌಡಮ್ಮ ಮುಂದಿನ ಮನೆಗೆ ಹೋದಳು.

ಮಾದೇವ ಹೇಳಿದ್ದು ಸುಳ್ಳು. ಹಿಂದಿನ ದಿನವೇ ಅವನು ಸತ್ತ ಮಂಗವನ್ನು ನೋಡಿದ್ದ. ದಾರಿ ಹೊಳೆಯ ಕಡೆ ತಿರುಗುವಲ್ಲಿ, ಮತ್ತಿ ಮರದ ಬುಡದಲ್ಲಿ ಅದು ಬಿದ್ದಿತ್ತು. ಸೈಕಲ್‌ನವರು ನಿಂತು ನೀರು ಕುಡಿಯುವ, ಕಣಿವೆಯ ಫೋಟೋ ತೆಗೆಯುವ ಜಾಗ ಅದು. ಅವರ ಕಣ್ಣಿಗೆ ಬೀಳಬಾರದೆಂದು ಮಾದೇವ ಕೋಲಿನಿಂದ ಅದನ್ನು ಬದಿಯ ಪೊದೆಯ ಹಿಂದಕ್ಕೆ ಎಳೆದು, ಮೇಲೆ ಎಲೆ ಮುಚ್ಚಿ ಬಂದಿದ್ದ. ಹೆಂಡತಿಗೂ ಹೇಳಿರಲಿಲ್ಲ, ಮುಜೀಬನಿಗೂ ಹೇಳಿರಲಿಲ್ಲ. ಮಂಜಿಗಂತೂ ಅವನು ಹೇಳಿದ್ದು ಒಂದೇ ಮಾತು: "ಮಂಜಕ್ಕ, ಈ ವಾರ ತಿರುವಿನ ಹತ್ರ ಚೆಂದ ಮಾಡಿ ಗುಡಿಸು."

ಮಂಜಿ ಬರಿಗಾಲಲ್ಲಿ ಹೋಗಿ ಗುಡಿಸಿದಳು. ಎಣ್ಣೆಯ ಬಾಟಲಿ ಮಾದೇವನ ಮನೆಯಲ್ಲೇ ಉಳಿಯಿತು. ಆ ಶನಿವಾರ ಸೈಕಲ್‌ನವರು ಬಂದರು, ಮತ್ತಿ ಮರದ ಬುಡದಲ್ಲಿ ಕೂತು ನೀರು ಕುಡಿದರು, ದಾರಿ ಬಹಳ ಚೆನ್ನಾಗಿದೆ ಎಂದು ಹೊಗಳಿ ಹೋದರು.

ಮರುವಾರ ಮಂಜಿಗೆ ಜ್ವರ ಬಂತು. ಒಮ್ಮೆಲೇ ಏರಿದ ಜ್ವರ. ತಲೆ ಸಿಡಿಯುವ ನೋವು, ಸೊಂಟ ಕಾಲು ಅಲ್ಲಾಡಿಸಲಾಗದ ನೋವು, ಕಣ್ಣು ಕೆಂಪು. ಮಾದೇವ ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಟ್ಟ. "ಬಿಸಿಲಿಗೆ ಬಂದ ಜ್ವರ ಮಂಜಕ್ಕ. ಮಲಗಿದ್ರೆ ಹೋಗ್ತದೆ," ಎಂದ. ಅವನಿಗೆ ಒಳಗೊಳಗೇ ಅನುಮಾನ ಇತ್ತು. ಆದರೂ ಬಾಯಿ ಬಿಡಲಿಲ್ಲ. ಮಂಗ ಮುಚ್ಚಿಟ್ಟದ್ದು ಒಂದು ತಪ್ಪಾದರೆ, ಕಣ್ಣೆದುರು ಒಬ್ಬಳು ನರಳುವಾಗಲೂ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು.

ಶನಿವಾರ ಬೆಳಿಗ್ಗೆ ಮಮತಾ ಗಂಜಿ ತೆಗೆದುಕೊಂಡು ಹೋದಾಗ ಮಂಜಿಯ ಒಸಡಿನಿಂದ ರಕ್ತ ಬರುತ್ತಿತ್ತು. ಕರೆದರೆ ಓ ಎನ್ನಲಿಲ್ಲ. ಮಮತಾ ಗಂಜಿಯ ಪಾತ್ರೆ ಅಲ್ಲೇ ಇಟ್ಟು ಓಡಿಹೋಗಿ ಚೌಡಮ್ಮನನ್ನು ಕರೆತಂದಳು. ಅದೇ ಹೊತ್ತಿಗೆ ಮುಜೀಬನ ಪಿಕಪ್ ಬಂದು ನಿಂತಿತು.

ಚೌಡಮ್ಮ ಮಂಜಿಯ ಕಣ್ಣು, ಬಾಯಿ ನೋಡಿ ಹೊರಗೆ ಬಂದಳು. ನೆಟ್ಟಗೆ ಮಾದೇವನ ಎದುರು ನಿಂತಳು.

"ಇವ್ಳು ಗುಡಿಸಿದಲ್ಲಿ ಮಂಗ ಸತ್ತಿತ್ತಾ? ಡಾಕ್ಟ್ರು ಕೇಳ್ತಾರೆ. ನಾನು ಎಂತ ಹೇಳ್ಲಿ?"

ಮಾದೇವ ನೆಲ ನೋಡಿದ.

"ಬಾಯಿ ಬಿಡು ಮಾದೇವ."

"ಇತ್ತು," ಎಂದ ಅವನು. "ಮತ್ತಿ ಮರದ ಬುಡದಲ್ಲಿ. ಬದಿಗೆ ಎಳೆದು ಎಲೆ ಮುಚ್ಚಿದ್ದೆ."

ಮಮತಾ ಗಂಡನನ್ನು ಹೊಸಬನನ್ನು ನೋಡಿದಂತೆ ನೋಡಿದಳು. "ಅಲ್ಲಿಯ ಎಲೆನೇ ಗುಡಿಸೋಕೆ ಮಂಜಕ್ಕಂಗೆ ಹೇಳಿದ್ರಾ? ಗೊತ್ತಿದ್ದೂ ಹೇಳಿದ್ರಾ?"

ಮುಜೀಬ್ ಆಗ ಸೈಕಲ್ ಇಳಿಸುತ್ತಿದ್ದ. ಕೈಯಲ್ಲಿದ್ದದ್ದನ್ನು ಅಂಗಳದಲ್ಲಿ ಹಾಗೇ ಬಿಟ್ಟು ಬಂದ. "ಹೋದ ಶನಿವಾರ ಆ ಮರದ ಬುಡದಲ್ಲಿ ನನ್ನ ತಂಗಿ ಹುಮಾನೂ ಕೂತಿದ್ಲು. ನನ್ನ ಮಾತಿನ ಮೇಲೆ ನಂಬಿಕೆ ಇಟ್ಟು ಜನ ಬರ್ತಾರೆ ಮಾದೇವ. ನಂಗೊಂದು ಫೋನ್ ಮಾಡೋಕೆ ಆಗ್ಲಿಲ್ವಾ ನಿಂಗೆ?"

"ನಿಲ್ಲಿಸಿಬಿಡ್ತೀಯ ಅಂತ ಹೆದ್ರಿಕೆ ಆಯ್ತು."

"ನಿಲ್ಲಿಸ್ತಿದ್ದೆ. ಹೌದು, ನಿಲ್ಲಿಸ್ತಿದ್ದೆ. ಮಳೆಗಾಲ ಕಳೆದ ಮೇಲೆ ಮತ್ತೆ ಶುರು ಮಾಡಬಹುದಿತ್ತು. ಈ ಅಕ್ಕನ ಜೀವ ಮತ್ತೆ ಶುರು ಮಾಡೋಕೆ ಬರ್ತದಾ?"

ಮುಜೀಬ್ ಉಳಿದ ಸೈಕಲ್‌ಗಳನ್ನೂ ಎಳೆದು ಹಾಕಿದ. ಆಸ್ಪತ್ರೆಗೆ ಒಯ್ಯಲು ಪಿಕಪ್‌ನಲ್ಲಿ ಹಾಸಿಗೆ ಹಾಸಿ ಮಂಜಿಯನ್ನು ಮಲಗಿಸಿದರು. ಚೌಡಮ್ಮ, ಮಮತಾ ಇಬ್ಬರೂ ಜೊತೆಗೆ ಹತ್ತಿದರು. ಮಾದೇವ ಹತ್ತಲು ಬಂದಾಗ ಮಮತಾ ಅವನನ್ನು ತಡೆದಳು. "ನೀವು ಇಲ್ಲೇ ಇರಿ. ಸೈಕಲ್‌ನವ್ರು ಬರ್ತಾರೆ. ಎಂತಕ್ಕೆ ದಾರಿ ಬಂದ್ ಅಂತ ನೀವೇ ಹೇಳಿ. ನಿಮ್ಮ ಬಾಯಲ್ಲೇ ಹೇಳಿ."

ಮಾದೇವ ಹೇಳಿದ. ಬಂದವರಲ್ಲಿ ಕೆಲವರು ಬೈದರು. ಒಬ್ಬಳು ತನ್ನ ಕಾಲನ್ನು ಮತ್ತೆ ಮತ್ತೆ ನೋಡಿಕೊಂಡು ಅತ್ತಳು. ಅವಳು ಹೋದ ಶನಿವಾರವೂ ಬಂದಿದ್ದಳು. ಆಮೇಲೆ ಅವನು ಆ ಶನಿವಾರ ಬಂದ ಉಳಿದ ಎಲ್ಲರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಈ ಕಾಡಿಗೆ ಬಂದಿದ್ದೆವು ಎಂದು ಡಾಕ್ಟರಿಗೆ ಹೇಳಿ ಎಂದ. ಅದೃಷ್ಟಕ್ಕೆ ಅವರಲ್ಲಿ ಯಾರಿಗೂ ಜ್ವರ ಬರಲಿಲ್ಲ. ಅದು ಬರೀ ಅದೃಷ್ಟ. ಮಾದೇವನ ಹೆಚ್ಚುಗಾರಿಕೆ ಏನೂ ಅಲ್ಲ.

ರಕ್ತ ಪರೀಕ್ಷೆಯಲ್ಲಿ ಮಂಜಿಗೆ ಮಂಗನ ಕಾಯಿಲೆ ಎಂದೇ ಬಂತು. ಆರೋಗ್ಯ ಇಲಾಖೆಯವರು ಬಂದು ಮತ್ತಿ ಮರದ ಸುತ್ತ ಉಣ್ಣಿ ಸಾಯುವ ಪುಡಿ ಹೊಡೆದರು. ದಾರಿಗೆ ಅಡ್ಡ ಬಿದಿರಿನ ಗಳ ಕಟ್ಟಿದ್ದು ಮಾದೇವನೇ. ಈಗ ಕೇರಿಯಲ್ಲಿ ಯಾರಾದರೂ ಕಾಡಿನ ಕಡೆ ಹೊರಟರೆ ಮಮತಾ ಮೊದಲು ಅವರ ಕಾಲಿಗೆ ಎಣ್ಣೆ ಹಚ್ಚಿಸುತ್ತಾಳೆ. ಗಂಡನನ್ನೂ ಬಿಡುವುದಿಲ್ಲ.

ಮಂಜಿ ಉಳಿದಳು. ಆದರೆ ಮನೆಗೆ ಬಂದಾಗ ಗೋಡೆ ಹಿಡಿದು ನಡೆಯುತ್ತಿದ್ದಳು. ಕೊಡ ಎತ್ತಲು ಕೈಯಲ್ಲಿ ಬಲವಿರಲಿಲ್ಲ. ಮಾದೇವ ಅವಳ ಬಾಗಿಲಿಗೆ ಹೋಗಿ, "ತಪ್ಪಾಯ್ತು ಮಂಜಕ್ಕ," ಎಂದ.

ಮಂಜಿ ಗೋಡೆ ಹಿಡಿದು ಬಾಗಿಲಿಗೆ ಬಂದಳು. ಆಮೇಲೆ ಕೇಳಿದಳು, "ಅಲ್ಲಿ ನಿನ್ನ ಹೆಂಡ್ತಿ ಗುಡಿಸೋದಾಗಿದ್ರೆ ಹೇಳ್ತಿದ್ಯಾ?"

ಮಂಜಿ ಬಾಗಿಲು ಹಾಕಿಕೊಂಡಳು.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮಂಜಿಯ ಆ ಪ್ರಶ್ನೆಯನ್ನು ನಿಮಗೂ ಕೇಳುತ್ತೇವೆ. ಹೋಂಸ್ಟೇ ನಡೆಸುವವರಿಗೆ, ಜಲಪಾತ ತೋರಿಸುವವರಿಗೆ, ಸೈಕಲ್ ದಾರಿ ಮಾಡಿದವರಿಗೆ ಮೊದಲು ಕೇಳುತ್ತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಗುಡ್ಡಕ್ಕೆ ಜನ ಬರಲಿ, ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಮಂಗ ಸತ್ತದ್ದನ್ನು ಮುಚ್ಚಿಟ್ಟು ಜನರನ್ನು ಕರೆಯಬೇಡಿ. ವಿಷಯ ಗೊತ್ತಿಲ್ಲದವರಿಗೆ ಆ ಎಲೆ ಗುಡಿಸಲು ಹೇಳಬೇಡಿ. ಸತ್ತ ಮಂಗವನ್ನು ಮುಟ್ಟದೆ, ಎಳೆಯದೆ, ಆಶಾ ಕಾರ್ಯಕರ್ತೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅದೇ ದಿನ ತಿಳಿಸಿ. ಆ ಜಾಗಕ್ಕೆ ಯಾರೂ ಹೋಗದಂತೆ ನೋಡಿಕೊಳ್ಳಿ. ಬೇರೆ ಕಡೆ ಕಾಡಿಗೆ ಹೋಗಲೇಬೇಕಾದರೆ ಎಣ್ಣೆ ಹಚ್ಚಿ, ಮೈ ತುಂಬ ಬಟ್ಟೆ ಹಾಕಿ. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಹೋಗಿ. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕಾಯಿಲೆಯವರನ್ನು ದೂರ ಇಡಬೇಡಿ.

ಸತ್ತ ಮಂಗ ಕಂಡಿದ್ದರೆ, ಯಾರಾದರೂ ಬಂದು ಕೇಳಲಿ ಎಂದು ಕಾಯಬೇಡಿ. ಇವತ್ತೇ ಹೋಗಿ ಹೇಳಿ.