ಬಿಳಿ ಪರದೆಯ ಅಂಚು

ಉಳವಪ್ಪನ ಫೋಟೋ ಸ್ಟುಡಿಯೋ ದುರ್ಗದಬೈಲಿನಲ್ಲಿ ಒಂದು ಮಾಳಿಗೆಯ ಮೇಲಿತ್ತು. ಕೆಳಗೆ, ಮೆಟ್ಟಿಲಿನ ಬುಡದಲ್ಲೇ, ಹೂವಿನ ಬುಟ್ಟಿ ಇಟ್ಟುಕೊಂಡು ಸತ್ಯವ್ವ ಕೂರುತ್ತಿದ್ದಳು. ಫೋಟೋ ತೆಗೆಸಲು ಬಂದವರು ಮೊದಲು ಆಕೆಯ ಕಣ್ಣು ದಾಟಬೇಕು, ಆಮೇಲೆ ಕ್ಯಾಮೆರಾದ ಕಣ್ಣು. "ಅಣ್ಣಾರ, ಹೊಸಾ ಗಂಡಾ ಹೆಂಡ್ತಿ ಬರಾಕತ್ತಾರ್ರಿ! ಗಂಡ ಹೆದರ‍್ಯಾನ, ಸ್ವಲ್ಪ ನಗಸ್ರಿ!" ಎಂದು ಕೆಳಗಿನಿಂದಲೇ ಕೂಗುವಳು. ಮೆಟ್ಟಿಲು ಹತ್ತುವವರು ನಾಚಿಕೊಂಡೇ ಮೇಲೆ ಬರುತ್ತಿದ್ದರು. ನಾಚಿದ ಮುಖ ಫೋಟೋಕ್ಕೆ ಒಳ್ಳೆಯದೆಂದು ಉಳವಪ್ಪ ಸುಮ್ಮನಿರುತ್ತಿದ್ದ.

ಊರಿನ ಬೇರೆ ಸ್ಟುಡಿಯೋಗಳಲ್ಲಿ ಅರಮನೆ, ಕಾರಂಜಿ, ನವಿಲು ಬರೆದ ಪರದೆಗಳಿದ್ದವು. ಉಳವಪ್ಪನ ಹತ್ತಿರ ಇದ್ದವು ಎರಡೇ. ಒಂದು ಬಿಳಿ, ಒಂದು ಕರಿ. "ಅರಮನಿ ಮುಂದ ನಿಂತ್ರ ಮಂದಿ ಅರಮನಿ ನೋಡ್ತಾರ, ನಿನ್ನ ಮಾರಿ ಯಾರು ನೋಡ್ತಾರ?" ಎನ್ನುವನು. ಬಿಳಿ ರುಮಾಲಿನ ಮುದುಕರಿಗೆ ಕರಿ ಪರದೆ. ಕರಿಗೂದಲಿನ ಹೆಣ್ಣುಮಕ್ಕಳಿಗೆ, ಕರಿ ಕೋಟಿನ ಗುಮಾಸ್ತರಿಗೆ, ಮಕ್ಕಳಿಗೆ ಬಿಳಿ. ಹಿಂದಿರುವುದು ಮುಂದಿರುವುದನ್ನು ನುಂಗಬಾರದು. ಅವನ ಕಸುಬಿನ ಶಾಸ್ತ್ರವೆಲ್ಲ ಅಷ್ಟೇ.

ಆ ದಿನ ಮಧ್ಯಾಹ್ನ ಸತ್ಯವ್ವ ತಾನೇ ಮೆಟ್ಟಿಲು ಹತ್ತಿ ಬಂದಳು. ಸೊಂಟದ ಮೇಲೆ ಮಗ ಉಡಚಪ್ಪ. ಮೊದಲಿನ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟ ಮೇಲೆ ಉಡಚವ್ವ ದೇವಿಗೆ ಹರಕೆ ಹೊತ್ತು ಪಡೆದ ಮಗ. ಅದಕ್ಕೇ ಆ ಹೆಸರು. ತವರಿನಲ್ಲಿ ಕಣ್ಣು ಮಂಜಾದ ತಾಯಿಗೆ ಮೊಮ್ಮಗನ ಫೋಟೋ ಕಳಿಸಬೇಕಾಗಿತ್ತು.

ಉಳವಪ್ಪ ಕರಿ ಪರದೆಯ ಹಗ್ಗಕ್ಕೆ ಕೈ ಹಾಕಿದ. ಸತ್ಯವ್ವ ಹೌಹಾರಿದಳು.

"ಅಯ್ಯ ನಮ್ಮವ್ವ! ಕರೇ ಅರಿವಿ ಮುಂದ ಕೂಸಿನ್ನ ಕೂಡಸ್ತಾರೇನ್ರಿ? ನನ್ನ ಮಗ ಏನ್ ಹೆಣಾ ಏನ್ರಿ? ಬಿಳೇದು ಹಾಕ್ರಿ ಅಣ್ಣಾರ."

ಉಳವಪ್ಪನ ಕೈ ಹಗ್ಗದ ಮೇಲೆಯೇ ನಿಂತಿತು.

ಹೋದ ವಾರ ಆ ಬಿಳಿ ಪರದೆ ಹಳೇ ಹುಬ್ಬಳ್ಳಿಯ ಒಂದು ಮನೆಗೆ ಹೋಗಿ ಬಂದಿತ್ತು. ಹೆರಿಗೆಯಲ್ಲಿ ತೀರಿಕೊಂಡ ಹುಡುಗಿ. ಲಿಂಗವಂತರ ಪದ್ಧತಿಯಂತೆ ಆಕೆಗೆ ಹೊಸ ಸೀರೆ ಉಡಿಸಿ, ಹಣೆ ತೋಳುಗಳಿಗೆ ವಿಭೂತಿ ಬಡಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. "ಜೀವಂತ ಇದ್ದಾಗ ಒಂದೂ ತೆಗಸಲಿಲ್ರಿ," ಎಂದು ಗಂಡ ಕೈ ಮುಗಿದಿದ್ದ. ಗೋಡೆ ದೀಪದ ಮಸಿಯಿಂದ ಕಪ್ಪಾಗಿತ್ತು, ಆಕೆಯ ಕೂದಲೂ ಕಪ್ಪು. ಬಿಳಿ ಕಟ್ಟದೆ ಬೇರೆ ದಾರಿ ಇರಲಿಲ್ಲ. ಫೋಟೋ ಆದ ಮೇಲೆ ಬಿಚ್ಚಿ, ಮಡಚಿ, ಟಾಂಗಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಅಗಸರಿಗೆ ಹಾಕಬೇಕೆಂದುಕೊಂಡ. ಹಾಕಿದರೆ ಒಗೆದು ಗಂಜಿ ಕೊಟ್ಟು ತರುವಷ್ಟರಲ್ಲಿ ಮದುವೆಯ ಸುಗ್ಗಿ ಮುಗಿದಿರುತ್ತದೆ. ಲಿಂಗವಂತರಿಗೆ ಸೂತಕವೆಲ್ಲಿಯದು, ಶರಣರು ಅದನ್ನೆಲ್ಲ ಅಂದೇ ತೊಳೆದು ಹಾಕಿದ್ದಾರಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ಕೋಲಿಗೆ ಏರಿಸಿದ್ದ. ಆಮೇಲೆ ಅದರ ಮುಂದೆ ಎಷ್ಟೋ ಜೋಡಿಗಳು ನಿಂತು ಹೋದವು. ಆದರೂ ಈ ಕೂಸಿಗೆ ಮಾತ್ರ ಬೇಡವೆನಿಸಿ ಕರಿಯದಕ್ಕೆ ಕೈ ಹಾಕಿದ್ದ. ಯಾಕೆಂದು ಹೇಳುವ ಧೈರ್ಯ ಬರಲಿಲ್ಲ.

"ಬಿಳೇದ ಹಾಕೂಣ ಬಿಡವಾ," ಎಂದ.

ಉಡಚಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿದರು. ಸತ್ಯವ್ವ ಪಕ್ಕದಲ್ಲಿ ಕುಳಿತು ಚಿಟಿಕೆ ಹೊಡೆದಳು. ಕೂಸು ನಕ್ಕಿತು. ನಗುತ್ತಲೇ ಪಕ್ಕಕ್ಕೆ ವಾಲಿ ಪರದೆಯ ಅಂಚು ಹಿಡಿದು ಬಾಯಿಗಿಟ್ಟುಕೊಂಡಿತು. ಅಷ್ಟರಲ್ಲಿ ಉಳವಪ್ಪ ಕ್ಯಾಮೆರಾದ ರಬ್ಬರ್ ಚೆಂಡು ಒತ್ತಿ ಫೋಟೋ ತೆಗೆದುಬಿಟ್ಟಿದ್ದ.

"ಥೂ, ಬಿಡೋ ಖೋಡಿ!" ಸತ್ಯವ್ವ ಅಂಚನ್ನು ಕಸಿದುಕೊಂಡಳು. ಕೂಸಿನ ತುಟಿಯ ಮೇಲೆ ಬೂದಿಯಂಥದು ಅಂಟಿತ್ತು. ಆಕೆ ಬೆರಳಿನಿಂದ ಒರೆಸಿ, ಮೂಗಿಗೆ ಹಿಡಿದು, ಅಚ್ಚರಿಯಿಂದ ಕೇಳಿದಳು. "ವಿಭೂತಿ ಐತಲ್ರಿ ಇದು! ಎಲ್ಲಿಂದ ಬಂತ್ರಿ ಇಲ್ಲಿ?"

ಬಾಯಿಗೆ ಬಂದದ್ದನ್ನು ಉಳವಪ್ಪ ಹೇಳಿಬಿಟ್ಟ. "ಸ್ವಾಮಿಗಳು ಬಂದಿದ್ರವಾ. ಇದರ ಮುಂದನ ಕೂತಿದ್ರು."

"ಖರೇ?" ಸತ್ಯವ್ವನ ಮುಖ ಅರಳಿತು. ಬೆರಳಿನಲ್ಲಿದ್ದುದನ್ನು ಕೂಸಿನ ಹಣೆಗೆ ಎಳೆದಳು. ಸಾಲದೆಂದು ಅಂಚನ್ನು ಇನ್ನೊಮ್ಮೆ ತಿಕ್ಕಿ, ಎದೆಗೂ ಹಚ್ಚಿದಳು. "ನಮ್ಮ ಪುಣ್ಯೇರಿ ಅಣ್ಣಾರ. ನಾವು ಹುಡುಕ್ಕೊಂಡು ಹೋದ್ರೂ ಸಿಗತಿದ್ದಿಲ್ಲ."

ಅವಳು ಇಳಿದು ಹೋದ ಮೇಲೆ ಉಳವಪ್ಪ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿಕೊಂಡು ಸುಮ್ಮನೆ ನಿಂತ. ಎದುರು ಗಿರಾಕಿ ಇರಲಿಲ್ಲ. ಖಾಲಿ ಬಿಳಿ ಪರದೆ ಗಾಜಿನಲ್ಲಿ ತಲೆಕೆಳಗಾಗಿ ತೂಗುತ್ತಿತ್ತು.

ಎರಡು ದಿನ ಸತ್ಯವ್ವನ ಬುಟ್ಟಿ ಕಾಣಲಿಲ್ಲ. ಮೂಲೆಯ ಎಲೆ ಅಡಿಕೆಯವನು, "ಕೂಸಿಗೆ ಜ್ವರ ಬಂದಾವಂತ್ರಿ," ಎಂದ. ಉಳವಪ್ಪ ಮಧ್ಯಾಹ್ನದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಈ ದಿನಗಳಲ್ಲಿ ಯಾವ ಮನೆಯಲ್ಲಿ ಜ್ವರವಿಲ್ಲ ಎಂದುಕೊಂಡ. ಸಂಜೆ ಕಮರಿಪೇಟೆಯ ಅವಳ ಓಣಿಯ ತನಕ ಹೋದ. ಬಾಗಿಲ ಮುಂದೆ ಚಪ್ಪಲಿಗಳ ಗುಂಪಿಲ್ಲದ್ದನ್ನು ದೂರದಿಂದಲೇ ನೋಡಿ, ಒಳಗೆ ಹೋಗದೆ ಹಿಂದಿರುಗಿದ.

ಮರುದಿನ ಅವನ ಹೆಂಡತಿ ಸಾವಕ್ಕ ಮಗ ಶಿದ್ದುನನ್ನು ಸಿಂಗರಿಸಿಕೊಂಡು ಸ್ಟುಡಿಯೋಕ್ಕೆ ಬಂದಳು. ನಾಳೆ ಹುಡುಗನ ಜಾವಳ. ಹುಟ್ಟುಗೂದಲು ತೆಗೆಸುವ ಮೊದಲು ಆ ಗುಂಗುರು ಕೂದಲಿನ ಸಮೇತ ಫೋಟೋ ಬೇಕೆಂದು ತಿಂಗಳಿಂದ ಹೇಳುತ್ತಿದ್ದಳು.

ಉಳವಪ್ಪ ಕರಿ ಪರದೆ ಇಳಿಬಿಟ್ಟ.

"ಅದ್ಯಾಕ್ರಿ?" ಸಾವಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಕರೇದರ ಮುಂದ ಕರೇ ಕೂದಲಾ ಎಲ್ಲಿ ಕಾಣಸ್ತಾವು? ಊರಮಂದಿಗೆಲ್ಲಾ ನೀವ ಹೇಳೂ ಮಾತು. ಮನಿ ಮಗಗ ಬ್ಯಾರೆ ಶಾಸ್ತ್ರ ಏನ್ರಿ?"

"ದೃಷ್ಟಿ ತಾಕಬಾರದು ಅಂತ," ಎಂದ ಉಳವಪ್ಪ. "ಗಲ್ಲಕ್ಕ ಕರೇ ಬಟ್ಟು ಇಡೂದಿಲ್ಲೇನು? ಹಂಗ ಇದೂ."

"ಇದ್ಯಾವ ಹೊಸಾ ದೃಷ್ಟಿ ತಗದ್ರಿ! ಬಟ್ಟು ಇಡಂದ್ರ ಮಾರಿಗೇ ಡಾಂಬರ ಹಚ್ಚೀರಿ ನೀವು."

ಅಷ್ಟರಲ್ಲಿ ಬಾಗಿಲಲ್ಲಿ ಸತ್ಯವ್ವ ನಿಂತಿದ್ದಳು. ಹೆಗಲ ಮೇಲೆ ಮಲಗಿದ್ದ ಉಡಚಪ್ಪ ಬಾಡಿದ್ದ, ಆದರೆ ಕಣ್ಣು ತೆರೆದಿದ್ದ.

"ಜ್ವರಾ ಬಿಟ್ಟೈತ್ರಿ," ಎಂದಳು ಆಕೆ, ಕೇಳುವ ಮೊದಲೇ. "ಆ ವಿಭೂತಿನ ಕಾದತ್ರಿ. ಅದಕ್ಕ ಬಂದೆ. ಅಣ್ಣಾರ, ಇಲ್ಲನ್ನಬ್ಯಾಡ್ರಿ. ಸ್ವಾಮಿಗಳು ಕೂತಿದ್ದ ಆ ಅರಿವೀದು ಒಂದ ತುಂಡು ಕೊಡ್ರಿ. ಅಂಚಿಂದನ ಸಾಕು. ಕೂಸಿನ ತಲೀಗೊಂದು ಕುಂಚಿಗಿ ಹೊಲಸ್ತೇನಿ."

"ಯಾವ ಸ್ವಾಮಿಗಳವಾ?" ಸಾವಕ್ಕ ಗಂಡನ ಕಡೆ ತಿರುಗಿದಳು. "ಸ್ವಾಮಿಗಳು ಬಂದದ್ದು ನನಗ ಹೇಳಲೇ ಇಲ್ಲಲ್ರಿ!"

ಸತ್ಯವ್ವ ಎಲ್ಲವನ್ನೂ ಹೇಳಿದಳು. ಸಾವಕ್ಕನ ಕಣ್ಣು ದೊಡ್ಡವಾದವು. ಗಂಡ ಏನಾದರೂ ಹೇಳುವ ಮೊದಲೇ ಮೇಜಿನ ಮೇಲಿದ್ದ ಕತ್ತರಿ ಅವಳ ಕೈಗೆ ಬಂದಿತ್ತು. "ಒಂದ ಯಾಕ, ಎರಡ ತುಂಡ ತೆಗೀತೇನಿ ತಡಿ. ನಮ್ಮ ಶಿದ್ದೂಗ ನಾಳೆ ಬೋಳು ತಲಿ. ಮೊದಲ ಇದನ್ನ ಕಟ್ಟೂಣು." ಕೋಲಿನಿಂದ ಬಿಚ್ಚಿ ಮೂಲೆಯಲ್ಲಿಟ್ಟಿದ್ದ ಬಿಳಿ ಪರದೆಯ ಅಂಚು ಹಿಡಿದು, ಶಿದ್ದುನನ್ನು ಹತ್ತಿರ ಎಳೆದು, ಅಳತೆಗೆಂದು ಅವನ ಗುಂಗುರು ಕೂದಲಿನ ಮೇಲೆ ಹೊದಿಸಿದಳು. ಹುಡುಗ ಆಟವೆಂದು ತಿಳಿದು ಬಟ್ಟೆಯೊಳಗಿನಿಂದ ಕಿಲಕಿಲ ನಕ್ಕ.

"ತೆಗಿ ಅದನ್ನ!"

ಉಳವಪ್ಪನ ದನಿ ಅವನಿಗೇ ಗುರುತು ಸಿಗಲಿಲ್ಲ. ಹೋಗಿ ಬಟ್ಟೆಯನ್ನು ಮಗನ ತಲೆಯಿಂದ ಕಿತ್ತು ಎಸೆದ. ಹುಡುಗ ಅಳತೊಡಗಿದ.

"ಸ್ವಾಮಿಗಳೂ ಇಲ್ಲ, ಯಾರೂ ಇಲ್ಲ," ಎಂದ. "ಹೆಣದ ಹಿಂದ ಕಟ್ಟಿದ್ದ ಅರಿವಿ ಅದು."

ಸತ್ಯವ್ವ ಕೂಸಿನ ಹಣೆಯನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು. ಅಲ್ಲಿ ಒರೆಸಲು ಏನೂ ಉಳಿದಿರಲಿಲ್ಲ. ಆಮೇಲೆ ಆಸೆಯಿಂದಲೇ ಕೇಳಿದಳು. "ವಯಸ್ಸಾದವರೇನ್ರಿ? ಮರಿಮಕ್ಕಳನ್ನ ಕಂಡವರಿದ್ರ ಛಲೋನರಿ. ಅಂಥವರ ಮ್ಯಾಲ ತೂರಿದ ರೊಕ್ಕಾನೂ ಮಂದಿ ಆರಿಸಿ ಕೂಸುಗಳ ಕೊಳ್ಳಾಗ ಕಟ್ತಾರ, ಆಯುಷ್ಯ ಬರತೈತಂತ."

ದಾರಿಯನ್ನು ಅವಳೇ ತೆರೆದು ಕೊಟ್ಟಿದ್ದಳು. ಹೌದವಾ, ನೂರು ಮುಟ್ಟಿದ ಮುದುಕ ಎಂದುಬಿಟ್ಟರೆ ಮುಗಿಯಿತು. ಸತ್ಯವ್ವ ತಣ್ಣಗಾಗುತ್ತಾಳೆ. ಆದರೆ ಸಾವಕ್ಕನ ಕೈಯಲ್ಲಿ ಇನ್ನೂ ಕತ್ತರಿ ಇತ್ತು. ಅವಳೂ ಅವನ ಬಾಯನ್ನೇ ನೋಡುತ್ತಿದ್ದಳು. ಮುದುಕ ಎಂದರೆ ಕುಂಚಿಗೆ ಎರಡಾಗುತ್ತವೆ, ಒಂದು ಶಿದ್ದುನ ತಲೆಗೆ.

"ಬಾಣಂತಿ," ಎಂದ ಉಳವಪ್ಪ. "ಹಡಿಯೂವಾಗ ಹೋದಾಕಿ."

ಸತ್ಯವ್ವ ನೆಲಕ್ಕೆ ಬಿದ್ದ ಬಿಳಿ ಬಟ್ಟೆಯನ್ನು ನೋಡಿದಳು. ಶಿದ್ದುನ ಹಿಂದೆ ತೂಗುತ್ತಿದ್ದ ಕರಿ ಪರದೆಯನ್ನು ನೋಡಿದಳು. ಆಮೇಲೆ ಉಳವಪ್ಪನನ್ನು.

"ನನ್ನ ಕೂಸಿನ ಬಾಯಾಗ ಹೋದಾಗ ನಿಮಗ ಬಾಯಿ ಬರಲಿಲ್ಲಲ್ರಿ," ಎಂದಳು. ಕೂಗಲಿಲ್ಲ. "ನಿಮ್ಮ ಕೂಸಿನ ತಲೀಗೆ ಬಂದಾಗ ಬಂತು."

ಉಳವಪ್ಪ ಹೇಳಬೇಕೆಂದಿದ್ದ ಮಾತುಗಳು ಬೇಕಾದಷ್ಟಿದ್ದವು. ಸೂತಕವಿಲ್ಲ, ಶರಣರು ಹೇಳಿದ್ದಾರೆ, ನೀನೇ ಕರಿ ಬೇಡವೆಂದೆ. ಅವನ್ನೆಲ್ಲ ಬಿಟ್ಟು ಬಗ್ಗಿ, ಬಿಳಿ ಬಟ್ಟೆಯನ್ನು ಎತ್ತಿ ಮಡಚಿದ. ಸಾವಕ್ಕ ಕತ್ತರಿಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು.

ಸತ್ಯವ್ವ ಫೋಟೋ ಕೇಳಿದಳು. ಅವನು ಕೊಟ್ಟ. ನಗುವ ಕೂಸು, ಹಿಂದೆ ಬಿಳಿ, ಬಾಯಲ್ಲಿ ಅಂಚು. ನೋಡಿ ಹಿಂದಕ್ಕೆ ಕೊಟ್ಟಳು. "ನಗು ಛಲೋ ಬಂದೈತಿ. ಹರಿಯಾಕ ಕೈ ಬರವಲ್ದು. ಹಿಂದಿನ ಆ ಬಿಳೇ ಅರಿವಿ ತೆಗದ ಕೊಡ್ರಿ. ನಮ್ಮವ್ವಗ ಕಳಸೂದೈತಿ."

ಅವಳು ಇಳಿದು ಹೋಗಿ ಬುಟ್ಟಿಯ ಮುಂದೆ ಕುಳಿತಳು. ಸಾವಕ್ಕ ಮಗನನ್ನು ಎತ್ತಿಕೊಂಡು ಮನೆಗೆ ಹೊರಟಳು. ಶಿದ್ದುನ ಗುಂಗುರು ಕೂದಲಿನ ಫೋಟೋ ಯಾವ ಪರದೆಯ ಮುಂದೂ ಆಗಲಿಲ್ಲ.

ಉಳವಪ್ಪ ಆ ಫೋಟೋದ ನೆಗೆಟಿವ್ ಗಾಜಿನ ಪ್ಲೇಟು ತೆಗೆದು ಕಿಟಕಿಗೆ ಆನಿಸಿ ಕುಳಿತ. ಪ್ಲೇಟಿನಲ್ಲಿ ಎಲ್ಲ ಅದಲುಬದಲು. ಬಿಳಿ ಪರದೆ ಅಲ್ಲಿ ಕರಿ ಮೋಡದಂತೆ ಕವಿದಿತ್ತು. ಸಣ್ಣ ಚಾಕುವಿನಿಂದ ಕೂಸಿನ ಸುತ್ತ ಗಾಜಿಗೆ ಬಳಿದಿದ್ದ ಮಸಾಲೆಯನ್ನು ಕೆರೆಯುತ್ತ ಹೋದ. ಕೆರೆದಲ್ಲೆಲ್ಲ ಗಾಜು ಬರಿದಾಗುತ್ತದೆ, ಬರಿದಾದದ್ದು ಕಾಗದದ ಮೇಲೆ ಕರಿಯಾಗಿ ಮೂಡುತ್ತದೆ. ಮೊದಲೇ ಇಳಿಬಿಡಬೇಕಾಗಿದ್ದ ಆ ಕರಿ ಪರದೆಯನ್ನು ಈಗ ಕೂದಲೆಳೆಯಷ್ಟು ಕೂದಲೆಳೆಯಷ್ಟು ಚಾಕುವಿನಿಂದ ಎಳೆಯುತ್ತಿದ್ದ. ಕಿವಿಯ ಸುತ್ತ ಆಯಿತು, ಹೆಗಲಿನ ಸುತ್ತ ಆಯಿತು, ಮುಷ್ಟಿಯ ಸುತ್ತ ಆಯಿತು. ಬಾಯಿಯ ಹತ್ತಿರ ಬಂದು ಚಾಕು ನಿಂತಿತು.

ಅಲ್ಲಿ ತುಟಿ ಎಲ್ಲಿ ಮುಗಿಯುತ್ತದೆ, ಅಂಚು ಎಲ್ಲಿ ಶುರುವಾಗುತ್ತದೆ, ತಿಳಿಯುವಂತಿರಲಿಲ್ಲ. ಅಂಚು ಕೆರೆದರೆ ನಗು ಹೋಗುತ್ತಿತ್ತು.

"ಆತೇನ್ರಿ?" ಕೆಳಗಿನಿಂದ ಸತ್ಯವ್ವನ ದನಿ ಬಂತು. ಅಣ್ಣಾರ ಎನ್ನಲಿಲ್ಲ.

ಆಯಿತು ಎನ್ನಲು ಉಳವಪ್ಪ ಕಿಟಕಿಯಿಂದ ತಲೆ ಹೊರಹಾಕಿದ. ಕೂಸು ಅವಳ ತೊಡೆಯ ಮೇಲೆ ಕುಳಿತು ಸೇವಂತಿಗೆಯೊಂದನ್ನು ಬಾಯಿಗಿಟ್ಟುಕೊಳ್ಳುತ್ತಿತ್ತು.

"ಇಲ್ಲವಾ," ಎಂದ. "ಒಂದೀಟ ಉಳದೈತಿ. ಅದು ಹೋಗಂಗಿಲ್ಲ."